ಅರಮನೆ ಮೇಕೆಯ ಅಪಹರಣ

ಬಂದೂಕಿನ ನಳಿಗೆ ನನ್ನ ಮೂಗಿನಿಂದ ಗೇಣು ದೂರದಲ್ಲಿತ್ತು.

"ಒಂದು ಹೆಜ್ಜೆ ಮುಂದೆ ಬಂದ್ರೆ ಸುಟ್ಟುಬಿಡ್ತೀನಿ, ಗೆಥಿನ್."

ಇದ್ವಲ್ ಪ್ರೋಬರ್ಟ್. ವೇಲ್ಸಿನ ಆ ಗುಡ್ಡದ ಮೇಲಿನ ಕುರಿದೊಡ್ಡಿ ಅವನದು. ಒಂದು ಕಾಲದಲ್ಲಿ ನಮ್ಮದೇ ರೆಜಿಮೆಂಟಿನ ಸಿಪಾಯಿ. ಅವನ ಬೆನ್ನ ಹಿಂದೆ ಹುಲ್ಲು ಮೆಲ್ಲುತ್ತಿದ್ದ ಗಡ್ಡದ ಆಸಾಮಿಯನ್ನೇ ನಾನು ಬೆಳಗಿನಿಂದ ಹುಡುಕುತ್ತಿದ್ದೆ... ಲ್ಯಾನ್ಸ್ ಕಾರ್ಪೊರಲ್ ಟ್ಯೂಡರ್.

ಮೇಕೆ.

ನಗಬೇಡಿ ಸ್ವಾಮಿ. ದೊರೆಯ ಮಂದೆಯಿಂದ ಬಂದ ಉಡುಗೊರೆ ಅದು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ನಂಬರಿದೆ, ರೇಷನ್ ಇದೆ. ಅದು ನಡೆದುಬಂದರೆ ಸಿಪಾಯಿಗಳು ಅಟೆನ್ಷನ್‌ನಲ್ಲಿ ನಿಲ್ಲಬೇಕು.

ಹನ್ನೊಂದಕ್ಕೆ ಪರೇಡ್. ನೋಡಲು ಬರುವವರು ದೊರೆಯ ಸೋದರತ್ತೆ, ಡಚೆಸ್ ಅಡೆಲಾ. ಒಂದು ಗುಂಡೂ ಹಾರಿಸದ ನಮ್ಮ ಗೌರವ ಕರ್ನಲ್ ಕೂಡ ಅವರೇ. ಆಗಲೇ ಹತ್ತು ಹೊಡೆದಿತ್ತು. ನಾನು ರೆಜಿಮೆಂಟ್ ಪೊಲೀಸಿನ ಕಾರ್ಪೊರಲ್. ಮೇಕೆ ಸಿಗದಿದ್ದರೆ ನನ್ನ ತೋಳಿನ ಪಟ್ಟಿ ಕಿತ್ತುಹಾಕುತ್ತಿದ್ದರು.

"ಏನ್ ಬೇಕೋ ನಿಂಗೆ?"

"ಕಾಲು."

ಪ್ಯಾಂಟ್ ಎತ್ತಿ ತೋರಿಸಿದ. ಕೃತಕ ಕಾಲು. ಬಿರುಕಿಗೆ ಟೇಪು ಸುತ್ತಿದ್ದ.

"ಬಾಂಬಿಗೆ ಹೋದ ಕಾಲು. ಕಚೇರಿಯವ್ರು ಫುಟ್‌ಬಾಲ್ ಆಡ್ತಾ ಮುರ್ಕೊಂಡ ಅಂತ ಬರ್ಕೊಂಡಿದಾರೆ. ಹೊಸದು ಕೇಳಿ ಒಂಬತ್ತು ವರ್ಷ ಆಯ್ತು. ಈ ಮೇಕೆ ಸೀನಿದ್ರೆ ಡಾಕ್ಟರ್ ಓಡ್ಬರ್ತಾನೆ."

ನನಗೆ ನಾಚಿಕೆಯಾಯಿತು.

"ಪರೇಡಿಗೆ ಇದನ್ನ ನೀನೇ ಹಿಡ್ಕೊಂಡು ಬಾ. ಡಚೆಸ್ ಮುಂದೇನೇ ಹೇಳು."

ಬಂದೂಕು ಕೆಳಗಿಳಿಯಿತು.

ಜೀಪು ಗುಡ್ಡ ಇಳಿಯಿತು. ಕುರಿಮಂದೆ ಅಡ್ಡ ಬಂತು. ಬೇಲಿ ಮುರಿದುಕೊಂಡು ನುಗ್ಗಿದೆ. ಹಿಂದಿನ ಸೀಟಿನಲ್ಲಿ ಟ್ಯೂಡರ್ ನನ್ನ ಟೋಪಿ ತಿಂದ. ರ್‍ಯಾಂಕಿನಲ್ಲಿ ಕಿರಿಯ... ಮನಸಾರೆ ಬೈದೆ.

ಎರಡು ನಿಮಿಷ ಇರುವಾಗ ಮೈದಾನ ಸೇರಿದೆವು.

ಡಚೆಸ್ ಮೇಕೆಯ ಗಡ್ಡ ಸವರುತ್ತ ಇದ್ವಲ್ ಹೇಳಿದ್ದನ್ನೆಲ್ಲ ಕೇಳಿದರು. ಪಕ್ಕದಲ್ಲಿದ್ದ ಬ್ರಿಗೇಡಿಯರ್ ಕಡೆ ತಿರುಗಿದರು.

"ಇವರಿಗೊಂದು ಕಾಲು ಕೊಡಿಸಿ."

"ತಾವು ಆಜ್ಞೆ ಮಾಡೋ ಹಾಗಿಲ್ಲ ಮೇಡಂ. ಅದು ಮಂತ್ರಿಗಳ ಕೆಲಸ."

"ನೀವೆಲ್ಲ ಪ್ರಮಾಣ ಮಾಡೋದು ನಮ್ಮ ಮನೆಯವರ ಹೆಸರಲ್ಲಿ ಅಲ್ವೇನ್ರೀ?"

"ಪ್ರಮಾಣ ಬೇರೆ, ಮೇಡಂ."

"ಮತ್ತೆ ನಾನೇನು ಮಾಡಬಹುದು?"

"ಮೇಕೆಗೆ ಬಡ್ತಿ ಕೊಡಬಹುದು."

ಕೊಟ್ಟರು. ಟ್ಯೂಡರ್ ಸಾರ್ಜೆಂಟ್ ಆದ. ನನಗಿಂತ ಮೇಲೆ!

"ಈ ಮೇಕೆ ಏನಾದ್ರೂ ಬೇಕು ಅಂದ್ರೆ?"

"ಅರಮನೆ ಮೇಕೆಗೆ ಇಲ್ಲ ಅನ್ನೋರು ಯಾರು, ಮೇಡಂ?"

ಡಚೆಸ್ ಬ್ರಿಗೇಡಿಯರನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನನಗೆ ಅರ್ಥವಾಯಿತು.

ಮಧ್ಯಾಹ್ನವೇ ಕೃತಕ ಕಾಲಿನ ಫಾರಂ ತಂದೆ. ಹೆಸರು, ನಂಬರು ಮೇಕೆಯದು. ಅಳತೆ ಇದ್ವಲ್‌ನದು. ಸಹಿಯ ಜಾಗದಲ್ಲಿ ಗೊರಸಿನ ಗುರುತು ಒತ್ತಿಸಿದೆ. ಎಷ್ಟು ಕಾಲು ಬೇಕು ಎಂಬ ಕಾಲಂ ಆತುರದಲ್ಲಿ ಖಾಲಿ ಉಳಿಯಿತು.

ಒಂಬತ್ತು ವರ್ಷ ಅಲುಗಾಡದ ಕಚೇರಿ ಒಂದೇ ವಾರದಲ್ಲಿ ಪಾರ್ಸೆಲ್ ಕಳಿಸಿತು. ಇದ್ವಲ್ ಬಿಚ್ಚಿದ. ಹಾಕಿಕೊಂಡ. ಎದ್ದು ನಿಂತ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಪೆಟ್ಟಿಗೆಯಲ್ಲಿ ಇನ್ನೂ ಮೂರು ಇದ್ದವು.