ಹದಿನಾರನೇ ತಪ್ಪು

"ಈ ವಾರ ಹದಿನಾರು ತಪ್ಪು, ಮೇಡಂ. ಓದಿ ಹೇಳ್ಲಾ?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಬಿಳಿ ಕೋಲು. ಅವಳು ಕಂಪ್ಯೂಟರಿನಿಂದ ತಲೆ ಎತ್ತಿದಳು. ಪ್ರತಿ ಸೋಮವಾರ ಮೇಲ್ ಕಳಿಸಿ ಜೀವ ತಿನ್ನುವ ಗಣಿತದ ಮೇಷ್ಟ್ರು ಇವನೇನಾ? ಕಣ್ಣು ಕಾಣುವುದಿಲ್ಲ ಅಂತ ಒಂದು ಸಲವೂ ಬರೆದಿರಲಿಲ್ಲವಲ್ಲ...

ಅವಳು ಕಾಲೇಜಿನ ಗ್ರಂಥಪಾಲಕಿ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸ್ವಾಧೀನವಿಲ್ಲದವರು ಎಲ್ಲರೂ ಬಳಸಬಹುದಾದ ಹೊಸ ಆನ್‌ಲೈನ್ ಪಾಠಗಳನ್ನು ಹುಡುಕಿ, ಕೊರತೆ ಇದ್ದರೆ ಸರಿಮಾಡಿ, ವಾರವಾರ ಪಟ್ಟಿ ಹಾಕುತ್ತಿದ್ದಳು. ದಿನಕ್ಕೆ ಹತ್ತು ಹೊಸ ಪಾಠಗಳು ಬರುತ್ತಿದ್ದವು, ನೋಡಿ ಮುಗಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಅದರ ಮೇಲೆ ಮನೆಯಿಂದಲೇ ಪಾಠ ಮಾಡುವ ಈ ಮೇಷ್ಟ್ರ ತಕರಾರು. ಮೂರನೆಯದರಲ್ಲಿ ಮೌಸ್ ಇಲ್ಲದೆ ಉತ್ತರ ಒತ್ತಲಾಗುವುದಿಲ್ಲ, ಏಳನೆಯದರಲ್ಲಿ ಕಾಣದವರಿಗೆ ಯಂತ್ರ ಓದಿ ಹೇಳಲು ಚಿತ್ರಕ್ಕೆ ವಿವರಣೆ ಇಲ್ಲ! ತಮ್ಮನ ಹತ್ತಿರ ಅವನನ್ನು 'ಕೆಂಪು ಪೆನ್ನು' ಅಂತಲೇ ಬೈಯುತ್ತಿದ್ದಳು.

ಮೊನ್ನೆ ಪ್ರಿನ್ಸಿಪಾಲರು, "ಪಟ್ಟಿ ಬಗ್ಗೆ ಆ ಮೇಷ್ಟ್ರು ನನಗೂ ಬರೆದಿದ್ದಾರೆ. ಮುಂದುವರಿಸೋದೋ ನಿಲ್ಲಿಸೋದೋ ಸೋಮವಾರ ಹೇಳ್ತೀನಿ" ಅಂದಿದ್ದರು. ಮೂರು ವರ್ಷದ ಕೆಲಸ. ಅವತ್ತಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಇವತ್ತೇ ಆ ಸೋಮವಾರ.

"ನಿಲ್ಲಿಸಿ ಅಂತ ಬರೆದಿದ್ದು ಸಾಲದು ಅಂತ ಇಲ್ಲಿಗೂ ಬಂದ್ರಾ?"

"ನಿಲ್ಲಿಸಿ ಅಂತಾನಾ? ನಾನು ಹಾಗೆ ಬರೆದೆ ಅಂತ ಯಾರು ಹೇಳಿದ್ದು?"

ಅವನು ಫೋನು ಒತ್ತಿದ. ಪ್ರಿನ್ಸಿಪಾಲರಿಗೆ ಬರೆದ ಪತ್ರವನ್ನು ಯಂತ್ರ ಒಂದೇ ಸಮನೆ ಓದತೊಡಗಿತು.

"ಕಣ್ಣು ಹೋದ ಮೇಲೆ ಪಾಠ ಮಾಡುವುದನ್ನು ಬಿಟ್ಟಿದ್ದೆ. ಈ ಪಟ್ಟಿ ಹಿಡಿದು ಮತ್ತೆ ಕಲಿತೆ. ಈಗ ನನ್ನ ತರಗತಿಯಲ್ಲಿ ನಲವತ್ತು ಮಂದಿ ಇದ್ದಾರೆ. ಇದನ್ನು ನಿಲ್ಲಿಸುವ ಮಾತಿದೆ ಎಂದು ಕೇಳಿದೆ, ದಯವಿಟ್ಟು ನಿಲ್ಲಿಸಬೇಡಿ. ಪರೀಕ್ಷಿಸುವ ಕೆಲಸ ನಾನೇ ಮಾಡಿಕೊಡುತ್ತೇನೆ."

ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. 'ಇವನನ್ನ ಏನೆಲ್ಲಾ ಅಂದುಬಿಟ್ಟೆ...'

"ಪ್ರಿನ್ಸಿಪಾಲ್ ಸಾಹೇಬ್ರು ಒಪ್ಪಿದ್ರು. ಅವರ ರೂಮಿಂದಲೇ ಬರ್ತಿದೀನಿ" ಅಂದ ಅವನು.

"ಮತ್ತೆ... ವಾರವಾರ ತಪ್ಪು ಹುಡುಕ್ತಿದ್ದದ್ದು?"

"ಬೇರೆಯವರಿಗೆ ಬರೆದ್ರೆ ಓದೋದೇ ಇಲ್ಲ. ನೀವು ಮಂಗಳವಾರದೊಳಗೆ ಸರಿಮಾಡಿರ್ತಿದ್ರಿ. 'ಸರಿಮಾಡಿದೆ. ಇನ್ನೇನಾದರೂ?' ಅಂತ ಒಂದು ಸಾಲು ಬರ್ತಿತ್ತು. ಸುಳ್ಳು ಯಾಕೆ... ಅದಕ್ಕೇ ಕಾಯ್ತಿದ್ದೆ."

"ಅದು ಸಿಟ್ಟಲ್ಲಿ ಬರೆದಿದ್ದು!"

"ಫೋನು ಓದೋವಾಗ ಸಿಟ್ಟು ಕೇಳಿಸ್ತಿರ್ಲಿಲ್ಲ."

ಅಳು ಬರುತ್ತಿದ್ದವಳಿಗೆ ನಗು ಬಂತು. "ನಿಮ್ಮಿಂದ ಪಟ್ಟಿ ಉಳೀತು. ಇಷ್ಟು ದಿನ ಒಂದು ಥ್ಯಾಂಕ್ಸೂ ಹೇಳಿಲ್ಲ ನಾನು."

"ನಾನೂ ಹೇಳಿಲ್ಲ. ಅದಕ್ಕೇ ಬಂದೆ. ಹದಿನಾರನೇ ತಪ್ಪು ಒಂದನ್ನಾದ್ರೂ ಕೇಳಿಬಿಡಿ. ಪಟ್ಟಿ ಕೆಳಗೆ ನಿಮ್ಮ ಫೋಟೋ ಇದೆಯಂತೆ. ನನ್ನ ಫೋನು ಅದನ್ನ ಬಿಟ್ಟು ಮುಂದೆ ಹೋಗುತ್ತೆ."

ಫೋನು ಮುಂದೆ ಹೋಗಲೇಬೇಕು. ಓದುವ ಯಂತ್ರ ಬಿಟ್ಟುಬಿಡಲಿ ಅಂತ ಅವಳೇ 'ಅಲಂಕಾರಕ್ಕೆ ಮಾತ್ರ' ಎಂದು ಗುರುತು ಹಾಕಿದ್ದಳು. ಕಪ್ಪೆಯ ಹೃದಯದಿಂದ ಹಿಡಿದು ಜ್ವಾಲಾಮುಖಿಯವರೆಗೆ ನೂರಾರು ಚಿತ್ರಗಳಿಗೆ ವಿವರಣೆ ಬರೆದವಳು ತನ್ನದಕ್ಕೆ ಎರಡು ಸಲ ಬರೆದು ಅಳಿಸಿದ್ದಳು. ಇದರಲ್ಲಿ ನೋಡೋಕೆ ಏನಿದೆ ಅನ್ನಿಸಿತ್ತು.

ಕುರ್ಚಿ ಎಳೆದುಕೊಟ್ಟು ಎದುರಿಗೆ ಕೂತಳು.

"ಕೇಳಿ. ಮೂವತ್ತಾರು ವರ್ಷ. ದಪ್ಪ ಕನ್ನಡಕ. ಕಿವಿ ಹಿಂದೆ ಪೆನ್ಸಿಲ್. ಮೂಗಿನ ತುದೀಲಿ ಕೋಪ. ಈಗ ಅಳ್ತಾ ಇದಾಳೆ..."

"ಫೋಟೋದಲ್ಲೂ ಅಳ್ತಿದಾರಾ?"

"ಇಲ್ಲ. ಫೋಟೋದಲ್ಲಿ ಒಬ್ಬಳೇ ಇದಾಳೆ."

ಅವನು ಕೋಲನ್ನು ಮೇಜಿಗೆ ಒರಗಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಅದನ್ನ ಹದಿನೇಳನೇ ತಪ್ಪು ಅಂತ ಸೇರಿಸ್ಲಾ?"

ಅವಳು ಅವನ ಕೈ ಹಿಡಿದಳು.

"ಸೇರಿಸಿ. ಮಂಗಳವಾರದೊಳಗೆ ಸರಿಮಾಡೋಣ."