ದುಂಬಿಯ ಹೆಸರಿನ ಜಗಳ

ದಿಶಾಂತ್ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮೈಕ್ರೋಸ್ಕೋಪ್ ಅಲುಗಾಡಿತು. ಡಬ್ಬದ ತುಂಬ ಸತ್ತ ಕರಿದುಂಬಿಗಳು, ಸೀಮೆಎಣ್ಣೆಯ ನಾತ.

“ಎಲ್ಲ ನಿಮ್ಮ ಕೃಪೆ, ಮೇಡಂ,” ಎಂದ.

ಸುಪ್ರಿತಾಳಿಗೆ ಚುಚ್ಚಿದ್ದು ಆ ‘ಮೇಡಂ’. ಪುತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ಇವನೊಬ್ಬನನ್ನು ಬಿಟ್ಟು. ಒಂದು ವರ್ಷದಿಂದ ಇವನು ಏನಾದರೊಂದು ಹುಳದ ನೆಪ ಹಿಡಿದು ಬೆಳ್ಳಾರೆಯಿಂದ ಲ್ಯಾಬಿಗೆ ಬರುತ್ತಿದ್ದ. ಹುಳಕ್ಕಿಂತ ಹೆಚ್ಚು ಹೊತ್ತು ಅವಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಮಾತ್ರ ಲೆನ್ಸಿನ ಮೇಲೆ ಭಾರೀ ಆಸಕ್ತಿ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ದಕ್ಷಿಣ ಅಮೆರಿಕ ಮೂಲದ, ಗಟ್ಟಿರೆಕ್ಕೆಯ ದುಂಬಿ ಸಾಕುತ್ತಿದ್ದ. ಅದರ ಮರಿಹುಳಗಳು ಸಾಕುಮೀನಿಗೆ, ಹಕ್ಕಿಗಳಿಗೆ ಆಹಾರ. ಈ ಸಲ ಮೊದಲ ಮಳೆ ಬಿದ್ದದ್ದೇ ಊರಿನ ಮನೆಗಳ ಹಂಚಿನ ಮಾಡಿನಿಂದ ಕರಿಹುಳಗಳು ಉದುರತೊಡಗಿದವು, ಅನ್ನದ ಬಟ್ಟಲಿಗೂ ಬಿದ್ದವು. ಅವನ ನೆರೆಮನೆಯ ತ್ಯಾಂಪಣ್ಣ ಒಂದರ ಫೋಟೋ ಸುಪ್ರಿತಾಳಿಗೆ ಕಳಿಸಿ, ಇದು ದಿಶಾಂತನ ಹುಳವೋ ಎಂದು ಕೇಳಿದರು. ಪರೀಕ್ಷೆಯ ಕೊಠಡಿಗೆ ಓಡುತ್ತಿದ್ದ ಅವಳು ‘ಅದೇ ಕುಟುಂಬದ್ದು’ ಎಂದು ಬರೆದುಬಿಟ್ಟಳು. ಮರುದಿನ ನೆರೆಯವರು ಶೆಡ್ಡಿನ ಟ್ರೇಗಳಿಗೆಲ್ಲ ಸೀಮೆಎಣ್ಣೆ ಸುರಿದರು, ಇದು ನಿನ್ನದೇ ಹುಳವೆಂದು ಮೇಡಂ ಹೇಳಿದ್ದಾರೆ ಎಂದು ದಿಶಾಂತನಿಗೂ ಹೇಳಿದರು.

“ನಾನು ಕುಟುಂಬ ಅಂದದ್ದು. ಅದೇ ಹುಳ ಅನ್ನಲಿಲ್ಲ.”

“ಊರಿನವರಿಗೆ ಆ ವ್ಯತ್ಯಾಸ ಯಾರು ಹೇಳುದು? ನಂಗೊಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ?”

“ನೀವು ಮಾಡಿದ್ರಾ? ಯಾರೋ ಹೇಳಿದ ಕೂಡಲೇ ನಂಬಿದ್ರಿ. ಮತ್ತೆ ಒಂದು ವರ್ಷ ಇಲ್ಲಿಗೆ ಬಂದದ್ದು ಎಂತಕ್ಕೆ?”

ಅವನು ಮಾಡಿನಿಂದ ಬಿದ್ದ ಹುಳಗಳ ಪೊಟ್ಟಣವನ್ನೂ ಕಿಸೆಯಿಂದ ತೆಗೆದಿಟ್ಟ.

ಅವಳು ಸ್ಟೂಲನ್ನು ಅವನತ್ತ ತಳ್ಳಿ, ಎರಡೂ ಹುಳಗಳನ್ನು ಲೆನ್ಸಿನಡಿ ಇಟ್ಟು, ಪಾದದ ಗೆಣ್ಣುಗಳನ್ನು ಎಣಿಸಲು ಹೇಳಿದಳು. ಎರಡಕ್ಕೂ ಮುಂದಿನ, ನಡುವಿನ ಕಾಲುಗಳಲ್ಲಿ ಐದೈದು, ಹಿಂದಿನದರಲ್ಲಿ ನಾಲ್ಕು. ಕುಟುಂಬ ಒಂದೇ ಎನ್ನುವುದಕ್ಕೆ ಅದೊಂದು ಗುರುತು. ಆದರೆ ಅವನದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಊರಿನದು ಉಗುರಿನಷ್ಟೂ ಇಲ್ಲ. ಅದು ರಬ್ಬರ್ ತೋಟದ ತರಗೆಲೆಯಡಿ ಬೆಳೆದು, ಮಳೆ ಬಂದೊಡನೆ ಮನೆ ಹೊಗುವ ಬೇರೆಯೇ ಜಾತಿ. ಗಾತ್ರವೆಷ್ಟೆಂದು ತಾನು ಕೇಳಲೇ ಇಲ್ಲವಲ್ಲ ಎಂದು ಹೊಳೆದಾಗ ಅವಳ ಕೋಪ ತನ್ನ ಮೇಲೆಯೇ ತಿರುಗಿತು.

“ನಡೀರಿ, ಬೆಳ್ಳಾರೆಗೆ ಹೋಗುವ,” ಎಂದಳು.

ತ್ಯಾಂಪಣ್ಣನ ಜಗಲಿಯಲ್ಲಿ ನೆರೆಯವರೆಲ್ಲ ಸೇರಿದರು. ಬಿಳಿ ಕಾಗದದ ಮೇಲೆ ಎರಡೂ ಹುಳಗಳನ್ನಿಟ್ಟು ಅವಳು ಬಿಡಿಸಿ ಹೇಳಿದಳು. ಅವಸರದಲ್ಲಿ ಅರ್ಧ ಉತ್ತರ ಕೊಟ್ಟದ್ದು ತನ್ನ ತಪ್ಪು, ಅಷ್ಟಕ್ಕೇ ಎಣ್ಣೆ ಸುರಿದದ್ದು ಅವರ ತಪ್ಪು ಎಂದಳು. ಅವಳ ದನಿ ನಡುಗುತ್ತಿತ್ತು, ಸಿಟ್ಟಿನಿಂದ. ತ್ಯಾಂಪಣ್ಣ ಕಾಗದ ನೋಡಿದರು, ಆಮೇಲೆ ತಮ್ಮದೇ ರಬ್ಬರ್ ತೋಟದತ್ತ ನೋಡಿದರು. ನಾಳೆ ತಾನೇ ಬಂದು ಶೆಡ್ ತೊಳೆದುಕೊಡುತ್ತೇನೆ ಎಂದು ಮೆಲ್ಲಗೆ ಹೇಳಿದರು.

ಅಂಗಳಕ್ಕಿಳಿದ ಮೇಲೆ ದಿಶಾಂತ್ ಕರೆದ. “ಸುಪ್ರಿತಾ.”

ಅವಳು ತಿರುಗಲಿಲ್ಲ.

“ಹುಳ ಸತ್ತದ್ದಕ್ಕಲ್ಲ ನಂಗೆ ಅಷ್ಟು ಸಿಟ್ಟು ಬಂದದ್ದು. ನೀವು ಹೇಳಿದ್ದು ಅಂದ್ರಲ್ಲ, ಅದಕ್ಕೆ. ಬೇರೆ ಯಾರು ಹೇಳಿದ್ರೂ ಇಷ್ಟು ಉರೀತಿರ್ಲಿಲ್ಲ. ನಂಗೆ ನೀವು ಅಂದ್ರೆ...” ಅವನು ಎರಡು ಹೆಜ್ಜೆ ಹತ್ತಿರ ಬಂದ. “ನಿಮ್ಮನ್ನು ಕೇಳದೆ ನಂಬಿದ್ದು ತಪ್ಪಾಯ್ತು. ಮನೆಗೆ ಬನ್ನಿ. ಅಮ್ಮನ ಹತ್ರ ನಮ್ಮ ವಿಷಯ ಹೇಳ್ಲಿಕ್ಕೆ ಉಂಟು.”

“ನನ್ನ ಸಿಟ್ಟು ಇನ್ನೂ ಇಳಿಲಿಲ್ಲ.”

“ಸಿಟ್ಟಲ್ಲೇ ಬನ್ನಿ ಮಾರಾಯ್ರೆ.”

ಅವಳು ಮುಖ ಗಂಟಿಕ್ಕಿಕೊಂಡೇ ಅವನಿಗಿಂತ ಮೊದಲು ಅವನ ಮನೆಯ ಮೆಟ್ಟಿಲು ಹತ್ತಿದಳು.