ಕೆಳಗಿನ ತಟ್ಟೆಗಳ ಸಾವು

ಹೊಂಗನೂರಿನ ದಾಸಮ್ಮನ ಹುಳು ಮನೆಯಲ್ಲಿ ಸಾಮೂಹಿಕ ಕೊಲೆ ನಡೆದಿತ್ತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳು ತಲೆ ಎತ್ತಿ, ಹಸಿರು ನೀರು ಕಾರಿ, ತಟ್ಟೆಯಲ್ಲೇ ಮುದುಡಿಹೋಗಿದ್ದವು.

ಎಎಸ್‌ಐ ಸನಾವುಲ್ಲಾ ರಾಮನಗರದ ರೇಷ್ಮೆ ನೂಲು ತೆಗೆಯುವ ಮನೆತನದವರು. ಮನುಷ್ಯರ ಹೆಣ ಕಂಡು ಅಲುಗದ ಅವರಿಗೆ ಸತ್ತ ಹುಳು ಕಂಡರೆ ಕರುಳು ಚುರ್ ಎನ್ನುತ್ತಿತ್ತು.

“ಕೈ ತೊಳ್ಕೊಂಡು ಒಳಿಕ್ ಬನ್ನಿ!” ದಾಸಮ್ಮ ಬಾಗಿಲಲ್ಲೇ ತಡೆದರು. ಕೆನ್ನೆ ಎಲೆ ಅಡಿಕೆಯಿಂದ ಉಬ್ಬಿತ್ತು. ತಲೆಯ ಮೇಲಿನ ಬೋರ್ಡು ಹೇಳುತ್ತಿತ್ತು: ‘ಬೀಡಿ, ಹೊಗೆಸೊಪ್ಪು, ಸೊಳ್ಳೆಬತ್ತಿ ತಂದವರಿಗೆ ಪೊರಕೆ ಸೇವೆ.’

ಸನಾವುಲ್ಲಾ ಕೈ ತೊಳೆದರು. ಕಾನೂನು ಎಲ್ಲರಿಗೂ ಒಂದೇ.

“ಯಾರ ಮೇಲಾದ್ರೂ ಅನುಮಾನ?”

“ಅನುಮಾನ ಏನ್ ಬಂತು ಸಾಹೇಬ್ರೇ? ನನ್ ತಮ್ಮ ಬೀರಯ್ಯ. ಪಕ್ಕದ ಮನೇಲೇ ಅವ್ನೆ. ನೆನ್ನೆ ಕುರಿಗೆ ಉಣ್ಣಿ ಔಷ್ದಿ ಹೊಡ್ದ. ಗಾಳಿ ಇತ್ಲಾಗೇ ಬೀಸ್ತಿತ್ತು. ಎತ್ತಾಕ್ಕೊಂಡೋಗಿ ಒಳಿಕ್ ಹಾಕಿ!”

“ಸ್ವಂತ ತಮ್ಮ ಅಲ್ವೇನಮ್ಮಾ?”

“ಅದ್ಕೇ ಹೇಳ್ತಾ ಇವ್ನಿ. ಬೇರೇರಾಗಿದ್ರೆ ನಾನೇ ಹೊಡೀತಿದ್ದೆ.”

ಸನಾವುಲ್ಲಾ ಸುತ್ತ ನೋಡಿದರು. ಕಿಟಕಿಯ ಎತ್ತರದಲ್ಲಿದ್ದ ಮೇಲಿನ ತಟ್ಟೆಗಳಲ್ಲಿ ಹುಳುಗಳು ಸರಸರ ಸದ್ದು ಮಾಡುತ್ತಾ ಸೊಪ್ಪು ಮೇಯುತ್ತಿದ್ದವು. ಸತ್ತಿದ್ದೆಲ್ಲ ಕೆಳಗಿನ ತಟ್ಟೆಗಳಲ್ಲಿ.

“ಮೇಲಿನವು ಚೆನ್ನಾಗವೆ,” ಎಂದಳು ಮೊಮ್ಮಗಳು ಮಾನ್ಯ. “ಅವಕ್ಕೆ ಸೊಪ್ಪು ಹಾಕೋಳು ನಾನು. ಮೇಲೂ ಕೆಳಗೂ ಎಲ್ಲಾ ಸೊಪ್ಪೂ ಬೀರಯ್ಯ ತಾತ ಹೊತ್ತು ತಂದ ಹೊರೆಯದೇ.”

“ನೋಡುದ್ರಾ? ಅವ್ನ್ ಹೊರೆ!” ದಾಸಮ್ಮ ಗುಡುಗಿದರು.

* * *

ಕರೆಸಿದ ಮೇಲೆ ಬಂದ ಬೀರಯ್ಯ ಹುಳು ಮನೆಯ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಆ ಹೊತ್ತಿಗೆ ಸನಾವುಲ್ಲಾ ಅವರ ಮಗಳು ಅಸ್ರಾ ಸ್ಕೂಟರಿನಲ್ಲಿ ಬಂದಿಳಿದಳು. ಚನ್ನಪಟ್ಟಣದಲ್ಲಿ ತಂಬಾಕು ಬಿಡಿಸುವ ಶಿಬಿರವಿತ್ತು. ಬಿಟ್ಟೆ ಬಿಟ್ಟೆ ಎನ್ನುವವರ ಎಂಜಲು ಪರೀಕ್ಷಿಸಿ ನಿಜ ಹೇಳುವುದು ಅವಳ ಸಂಶೋಧನೆಯ ಕೆಲಸ. ಅಲ್ಲಿಗೆ ಹೊರಟವಳಿಗೆ ಅಪ್ಪ ಫೋನು ಮಾಡಿ, ಉಣ್ಣಿ ಔಷಧಿ ಪತ್ತೆಹಚ್ಚುವ ಪಟ್ಟಿಯನ್ನೂ ತರಹೇಳಿ, ಇತ್ತ ಕರೆಸಿದ್ದರು.

ಅಸ್ರಾ ಸತ್ತ ಹುಳುಗಳ ತಟ್ಟೆಯ ಸೊಪ್ಪು ತೊಳೆದು, ಆ ನೀರಿಗೆ ಬಿಳಿ ಪಟ್ಟಿಯೊಂದನ್ನು ಅದ್ದಿದಳು. “ಇದು ಉಣ್ಣಿ ಔಷಧಿಗೆ.” ಪಟ್ಟಿ ಬಿಳಿಯಾಗೇ ಉಳಿಯಿತು. “ಇದು ಹೊಗೆಸೊಪ್ಪಿನ ನಿಕೋಟಿನ್‌ಗೆ.”

ಎರಡನೆಯದು ನೀಲಿಯಾಯಿತು.

“ಅದೆಂಗವ್ವಾ ಗೊತ್ತಾಗೋದು ಆ ಕಾಗ್ದಕ್ಕೆ?” ಬೀರಯ್ಯ ಕೇಳಿದ.

ಜಗಲಿಯ ಸಿಮೆಂಟಿನಲ್ಲಿ ಕೋಳಿಯೊಂದರ ಹಳೇ ಹೆಜ್ಜೆ ಅಚ್ಚಾಗಿತ್ತು. ಅಸ್ರಾ ಅದನ್ನು ತೋರಿಸಿದಳು. “ಹೀಗೇ. ಪಟ್ಟಿ ಮೇಲೆ ಪಾಲಿಮರ್ ಇದೆ, ಒಂಥರಾ ಪ್ಲಾಸ್ಟಿಕ್ಕು. ಅದು ಹಸಿಯಾಗಿದ್ದಾಗ್ಲೇ ನಿಕೋಟಿನ್ ಅಣು ಸೇರಿಸ್ತೀವಿ. ಗಟ್ಟಿಯಾದ್ಮೇಲೆ ತೊಳೆದು ತೆಗೀತೀವಿ. ಅಚ್ಚು ಮಾತ್ರ ಉಳಿಯುತ್ತೆ. ಅದರಲ್ಲಿ ನಿಕೋಟಿನ್ ಬಂದು ಕೂತ್ರೆ ನೀಲಿ.”

“ಕೋಳಿ ಹೆಜ್ಜೇಲಿ ಕುರಿ ಕಾಲು ಕೂರಕಿಲ್ಲ ಅನ್ನು,” ಎಂದರು ದಾಸಮ್ಮ. ಆಮೇಲೆ ಕಣ್ಣರಳಿಸಿದರು. “ಹೊಗೆಸೊಪ್ಪಾ? ಲೇ ಬೀರಾ! ನನ್ ತಲೆ ಮೇಲೆ ಕೈ ಮಡಗಿ ಬುಟ್ಟೆ ಅಂದಿದ್ಯಲ್ಲೋ! ಡಬ್ಬೀನೂ ಕಿತ್ಕೊಂಡಿದ್ದೆ! ಮತ್ತೆ ಶುರು ಹಚ್ಕೊಂಡ್ಯಾ?”

ಬೀರಯ್ಯನ ಕಣ್ಣಲ್ಲಿ ನೀರಾಡಿತು.

“ಜೈಲಿಗಾದ್ರೂ ಹೋಯ್ತೀನಿ ಸಾಹೇಬ್ರೇ. ಆದ್ರೆ ಅಕ್ಕನ ಮೇಲಿನ ಆಣೆ ಮುರ್ದೆ ಅನ್ನುಸ್ಕೊಂಡು ಬದ್ಕಕ್ಕಾಗಕಿಲ್ಲ. ಎಲ್ಲಿ, ಆ ಪಟ್ಟಿ ಕೊಡವ್ವ.”

ಅವನೇ ಪಟ್ಟಿಯನ್ನು ನಾಲಿಗೆಗೆ ಒತ್ತಿಕೊಂಡ. ಎಲ್ಲರೂ ಬಗ್ಗಿ ನೋಡಿದರು. ಪಟ್ಟಿ ಬಿಳಿ. ಹಾಲಿನಷ್ಟು ಬಿಳಿ.

“ಇವ್ರು ನಿಜವಾಗ್ಲೂ ಬಿಟ್ಟಿದ್ದಾರೆ,” ಎಂದಳು ಅಸ್ರಾ.

“ಸುಳ್ಳು ಕಾಗ್ದ! ಥೂ!” ದಾಸಮ್ಮ ತಮ್ಮನ ಕಾಲ ಬಳಿಯೇ ಸಿಮೆಂಟಿನ ಮೇಲೆ ಉಗಿದರು.

ಸನಾವುಲ್ಲಾ ಮಗಳಿಗೆ ಕಣ್ಸನ್ನೆ ಮಾಡಿದರು. ಅಸ್ರಾ ಬಗ್ಗಿ, ಇನ್ನೊಂದು ಪಟ್ಟಿಯನ್ನು ಆ ಕೆಂಪು ಎಂಜಲಿಗೆ ಮುಟ್ಟಿಸಿ, ನೀರಿನಲ್ಲಿ ಜಾಲಿಸಿ ಎತ್ತಿ ಹಿಡಿದಳು.

ನೀಲಿ. ದಟ್ಟ ನೀಲಿ.

* * *

“ಗಾಳಿಯಲ್ಲಿ ವಿಷ ಬಂದಿದ್ರೆ ಕಿಟಕಿ ಹತ್ರದವು ಮೊದ್ಲು ಸಾಯ್ಬೇಕಿತ್ತು,” ಸನಾವುಲ್ಲಾ ನಿಧಾನವಾಗಿ ಹೇಳಿದರು. “ಹೊರೇಲಿ ವಿಷ ಇದ್ದಿದ್ರೆ ಮೇಲಿನವೂ ಸಾಯ್ಬೇಕಿತ್ತು. ಹೊರೆ ಒಂದೇ, ಸೊಪ್ಪು ಒಂದೇ. ಬೇರೆ ಆಗಿದ್ದು ಸೊಪ್ಪು ಹಾಕಿದ ಕೈ. ಮೇಲಿನ ತಟ್ಟೆ ಮಾನ್ಯಂದು. ಕೆಳಗಿನವು?”

“ಅಜ್ಜೀದು,” ಮಾನ್ಯ ಬಾಯಿ ಮುಚ್ಚಿಕೊಂಡಳು. “ಅಜ್ಜಿಗೆ ಮೇಲೆ ಎಟುಕಲ್ಲ.”

“ಆದ್ರೆ ಬಾಗಿಲಲ್ಲಿ ಕೈ ತೊಳೀತಾರಲ್ಲ, ಅಬ್ಬಾ?” ಎಂದಳು ಅಸ್ರಾ, ಅಪ್ಪನ ಕಡೆ ತಿರುಗಿ.

“ತೊಳೆದು ಒಳಗೆ ಹೋದ್ಮೇಲೆ ಡಬ್ಬಿ ತೆಗೆದ್ರೆ? ಹೊಗೆಸೊಪ್ಪು ಹಾಕ್ಕೊಳ್ಳೋಕೆ ಈ ಊರಲ್ಲಿ ಅದಕ್ಕಿಂತ ಭದ್ರವಾದ ಜಾಗ ಎಲ್ಲಿದೆ? ಅಲ್ಲಿ ಯಾರೂ ಅನುಮಾನ ಪಡಲ್ಲ.”

ದಾಸಮ್ಮ ಸೊಂಟದ ಎಲೆ ಅಡಿಕೆ ಸಂಚಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಕೈ ಸಡಿಲವಾಯಿತು. ಬೀರಯ್ಯನಿಂದ ಕಿತ್ತುಕೊಂಡ ಡಬ್ಬಿ ಸಂಚಿಯಿಂದ ಹೊರಬಂತು.

“ತಿಪ್ಪೆಗೆ ಸುರಿಯಕ್ಕೆ ಮನ್ಸು ಬರ್ಲಿಲ್ಲ ಕಣಪ್ಪಾ. ಹಲ್ಲುನೋವು ಅಂತ ಒಂದಿನ ಒಸಿ ಒತ್ಕೊಂಡೆ. ನೋವು ಹೋಯ್ತು. ಇದು ಹೋಗ್ಲಿಲ್ಲ.”

ಬೀರಯ್ಯ ಡಬ್ಬಿಯೊಳಗೆ ಇಣುಕಿದ. “ಅಕ್ಕಾ! ತುಂಬ ಇದ್ದ ಡಬ್ಬಿ! ನಾನು ಕೂಡ ಇಷ್ಟು ಬಿರ್ರನೆ ಖಾಲಿ ಮಾಡ್ತಿರ್ಲಿಲ್ವಲ್ಲಾ!”

ಮಾನ್ಯ ಕಿಸಕ್ಕನೆ ನಕ್ಕಳು. ಸನಾವುಲ್ಲಾ ಮೀಸೆ ಸವರುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ದಾಸಮ್ಮ ಮಾತ್ರ ನಗಲಿಲ್ಲ. ತಮ್ಮನ ಕಾಲ ಬಳಿ ತಾವೇ ಉಗಿದದ್ದನ್ನು ಒಂದು ಚೊಂಬು ನೀರು ಸುರಿದು ತೊಳೆದರು. ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟರು.

“ನಿನ್ನಾಣೆ ಕಣ್ಲಾ ಬೀರಾ. ಇವತ್ತಿಗೆ ಬುಟ್ಟೆ.”

“ಕೇಸು ಬರೀಲೇನಮ್ಮಾ?” ಸನಾವುಲ್ಲಾ ಕೇಳಿದರು. “ಆರೋಪಿ ಸಿಕ್ಕಿದ್ದಾರೆ.”

“ನಿಮ್ ಕೇಸು ಅತ್ಲಾಗಿರ್ಲಿ ಸಾಹೇಬ್ರೇ. ಉಳಿದ ಹುಳ ಹಸ್ಕೊಂಡವೆ.” ದಾಸಮ್ಮ ತಮ್ಮನ ಕಡೆ ತಿರುಗಿದರು. “ಕೈ ತೊಳ್ಕೊಂಡು ಒಳಿಕ್ ಹೋಗ್ಲಾ. ಸೊಪ್ಪು ನೀನೇ ಹಾಕು.”

ಆಣೆ ಮಾಡಿದ ದಿನದಿಂದಲೂ ಅಕ್ಕ ನಂಬದೆ ಆ ಹೊಸಿಲು ದಾಟಗೊಡದಿದ್ದ ಬೀರಯ್ಯ ಉಜ್ಜಿ ಉಜ್ಜಿ ಕೈ ತೊಳೆದು ಒಳಗೆ ಹೋದ. ದಾಸಮ್ಮ ತಮ್ಮದೇ ಬೋರ್ಡಿನ ಕೆಳಗೆ, ಹೊಸಿಲಿನ ಹೊರಗೇ ನಿಂತು ನೋಡುತ್ತಿದ್ದರು.